ಒಂದು ಗುಡಿಸು, ಒಂದು ಕೊಂಬು

“ಕೇಳಿಸ್ತಾ?” ಅಂದರು ಅಜ್ಜಿ.

ತೇಜಶ್ರೀ ಬಚ್ಚಲುಮನೆಯ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಳು. ಗೋಡೆಯ ಮೇಲ್ಗಡೆಯ ಕಿಂಡಿಯಿಂದ ಒಂದು ಸದ್ದು ಇಳಿದು ಬರುತ್ತಿತ್ತು. ಅದು ಮಾತೂ ಅಲ್ಲ, ಹಾಡೂ ಅಲ್ಲ. ಯಾರೋ ತುಟಿ ತೆರೆಯದೆ ಗಂಟಲಲ್ಲೇ ಗುನುಗುತ್ತಿರುವ ಹಾಗಿತ್ತು.

“ಫ್ರಿಡ್ಜ್ ಇರ್ಬೇಕು ಅಜ್ಜಿ.”

“ಫ್ರಿಡ್ಜ್ ಎಲ್ಲಾದ್ರೂ ಉಸಿರು ಎಳ್ಕೊಂತೈತೇನೇ? ಸರಿಯಾಗಿ ಕೇಳು. ನಡುನಡುವೆ ನಿಲ್ಲಿಸ್ತೈತೆ. ಆಮೇಲೆ ಮತ್ತೆ ಶುರು ಮಾಡ್ತೈತೆ.”

ಅಜ್ಜಿ ಹೇಳಿದ್ದು ನಿಜ. ಸದ್ದು ಸ್ವಲ್ಪ ಹೊತ್ತು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ತೇಜಶ್ರೀಯ ಕೈಮೇಲಿನ ಕೂದಲೆಲ್ಲ ಎದ್ದು ನಿಂತವು. ಯಾಕೆಂದರೆ ಆ ಸದ್ದು ಬರುತ್ತಿದ್ದದ್ದು ಮೇಲಿನ ಮನೆಯಿಂದ. ಮೇಲಿನ ಮನೆಗೆ ಬೀಗ ಬಿದ್ದು ಆಗಲೇ ಹದಿನಾರು ದಿನವಾಗಿತ್ತು.

ಅಜ್ಜಿ “ಓಂ ನಮಃ ಶಿವಾಯ, ಓಂ ನಮಃ ಶಿವಾಯ” ಅನ್ನುತ್ತ ಅಡುಗೆಮನೆಗೆ ಹೋದರು. ಹೊಟ್ಟೆನೋವಿಗೆ ಜೀರಿಗೆ ಕಷಾಯ, ಭಯಕ್ಕೆ ನಮಃ ಶಿವಾಯ. ಗಿರಿಜಾದೇವಿ ಅಜ್ಜಿಗೆ ಗೊತ್ತಿದ್ದ ಔಷಧಿಗಳು ಇವೆರಡೇ.

ಅಡ್ಯಾರಿನ ಆ ಮನೆಯನ್ನು ಕಟ್ಟಿಸಿದ್ದು ತೇಜಶ್ರೀಯ ತಾತ. ತುಮಕೂರಿನಿಂದ ತಮಿಳು ಸೀಮೆಗೆ ಬಂದು ಪ್ಯಾರೀಸ್ ಕಾರ್ನರ್‌ನಲ್ಲಿ ಕಾಗದದ ಅಂಗಡಿ ಇಟ್ಟವರು ಅವರು. ಈಗ ಆ ಅಂಗಡಿಯನ್ನು ಅಪ್ಪ ವಿಶ್ವಾರಾಧ್ಯ ನೋಡಿಕೊಳ್ಳುತ್ತಿದ್ದರು. ಕೆಳಗಿನ ಮನೆ ಇವರದು, ಮೇಲಿನದು ಬಾಡಿಗೆಗೆ.

ಮೇಲಿನ ಮನೆಯಲ್ಲಿ ರಮೇಶ್ ಅಂಕಲ್, ಸುಮತಿ ಆಂಟಿ, ರಂಜನಿ ಇದ್ದರು. ಅಂಕಲ್ ಶೋಳಿಂಗನಲ್ಲೂರಿನ ಆಫೀಸಿಗೆ ಕ್ಯಾಬ್ ಓಡಿಸುತ್ತಿದ್ದರು. ಆಂಟಿ ಬ್ಲೌಸ್ ಹೊಲಿಯುತ್ತಿದ್ದರು. ರಂಜನಿ ತೇಜಶ್ರೀಯ ಕ್ಲಾಸು, ತೇಜಶ್ರೀಯ ಬೆಂಚು. ಉಪ್ಪಿನಕಾಯಿ ಬಾಟಲಿಯಲ್ಲಿ ಒಂದು ನೀಲಿ ಫೈಟರ್ ಮೀನು ಸಾಕಿದ್ದಳು. ಅದಕ್ಕೆ ‘ತಂಬಿ’ ಅಂತ ಹೆಸರಿಟ್ಟಿದ್ದಳು. ತಮಿಳಿನಲ್ಲಿ ತಂಬಿ ಅಂದರೆ ತಮ್ಮ.

ಹೋದ ತಿಂಗಳ ಕೊನೆಯಲ್ಲಿ ತೇಜಶ್ರೀಯ ಮನೆಯವರೆಲ್ಲ ಚಿಕ್ಕಪ್ಪನ ಗೃಹಪ್ರವೇಶಕ್ಕೆ ತುಮಕೂರಿಗೆ ಹೋಗಿದ್ದರು. ಮೂರು ದಿನ ಬಿಟ್ಟು ವಾಪಸ್ ಬಂದು ನೋಡಿದರೆ ಮೇಲೆ ಬೀಗ. ಫೋನ್ ಸ್ವಿಚ್ ಆಫ್. ಮೂರು ತಿಂಗಳ ಬಾಡಿಗೆ ಬಾಕಿ.

“ಬೀಗ ಒಡೆದೇ ಬಿಡೋಣ” ಅಂತ ಅಪ್ಪ ಅವತ್ತೇ ಕುದಿಯುತ್ತಿದ್ದರು.

ತಡೆದವರು ಪಕ್ಕದ ಮನೆಯ ಭೋಜರಾಜ ತಾತ. ರೈಲ್ವೆಯ ಪಾರ್ಸೆಲ್ ಆಫೀಸಿನಲ್ಲಿ ಮೂವತ್ತೈದು ವರ್ಷ ಸಾಮಾನು ಎಣಿಸಿ ರಿಟೈರ್ ಆದವರು. ಲಿಸ್ಟ್ ಅಂದರೆ ಅವರಿಗೆ ಲಾಡು ತಿಂದಷ್ಟು ಖುಷಿ.

“ಆತುರ ಮಾಡ್ಬೇಡ ವಿಶ್ವ. ಮನೆ ನಿಂದು, ಒಪ್ಪಿದೆ. ಬೀಗ ಅವರದು, ಒಳಗಿರೋ ಸಾಮಾನು ಅವರದು. ನಾಳೆ ಬಂದು ‘ನನ್ನ ಚೈನ್ ಎಲ್ಲಿ’ ಅಂದ್ರೆ ಏನ್ ಹೇಳ್ತೀಯ? ಮೊದ್ಲು ಒಂದು ರಿಜಿಸ್ಟರ್ಡ್ ಕಾಗದ ಹಾಕು. ಹದಿನೈದು ದಿನ ಕಾಯಿ. ಆಮೇಲೆ ಸಾಕ್ಷಿ ಇಟ್ಕೊಂಡು ತೆಗಿ. ಒಂದೊಂದು ಚಮಚಾನೂ ಲಿಸ್ಟ್ ಮಾಡು.”

ಅಪ್ಪ ಕಾಗದ ಹಾಕಿದರು. ಹೋದ ದಾರಿಯಲ್ಲೇ ಅದು ವಾಪಸ್ ಬಂತು.

ಎದುರಿನ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಾತ್ರ ಒಂದು ವಿಷಯ ಹೇಳಿದ್ದ. ಬೆಳಗಿನ ಜಾವ ಗಂಡ ಹೆಂಡತಿ ಎರಡು ಬ್ಯಾಗ್ ಹಿಡಿದು ಆಟೋ ಹತ್ತಿದ್ದನ್ನು ಅವನು ನೋಡಿದ್ದನಂತೆ.

“ಹುಡುಗಿ?” ಅಂತ ಕೇಳಿದ್ದಳು ತೇಜಶ್ರೀ.

ವಾಚ್‌ಮನ್ ತಲೆ ಕೆರೆದುಕೊಂಡ. “ಹುಡುಗಿನ ನಾನ್ ನೋಡ್ಲಿಲ್ಲ ಪಾಪಾ.”

ದೊಡ್ಡವರು ಆ ಮಾತನ್ನು ಅಲ್ಲೇ ಬಿಟ್ಟರು. ಅಪ್ಪ ಅಮ್ಮ ಹೋದ ಮೇಲೆ ಮಗಳೂ ಹೋಗಿರುತ್ತಾಳೆ, ಅದರಲ್ಲೇನು? ಆದರೆ ತೇಜಶ್ರೀಗೆ ಬಿಡಲಾಗಲಿಲ್ಲ. ಅವಳಿಗೆ ಒಬ್ಬಳಿಗೇ ಗೊತ್ತಿದ್ದ ಒಂದು ಸಂಗತಿ ಇತ್ತು. ಅದು ಮೆಟ್ಟಿಲ ಗೋಡೆಯ ಮೇಲಿತ್ತು.

ಮೇಲಕ್ಕೆ ಹೋಗುವ ಮೆಟ್ಟಿಲು ತಿರುಗುವ ಕಡೆ ಕರೆಂಟ್ ಮೀಟರಿನ ಪೆಟ್ಟಿಗೆಯಿದೆ. ಅದರ ಕೆಳಗೆ ಹಳೆಯ ಪೇಂಟ್ ಡಬ್ಬಿಯಲ್ಲಿ ಒಂದು ದೊಡ್ಡಪತ್ರೆ ಗಿಡ. ಪಕ್ಕದ ಗೋಡೆಯೇ ಇವರಿಬ್ಬರ ಸ್ಕೂಲು. ಅಲ್ಲಿ ತೇಜಶ್ರೀ ಟೀಚರ್, ರಂಜನಿ ಸ್ಟೂಡೆಂಟ್. ರಂಜನಿಗೆ ಕನ್ನಡ ಬರೆಯಲು ಕಲಿಯುವ ಆಸೆ, ತೇಜಶ್ರೀಗೆ ತಪ್ಪು ತಿದ್ದುವ ಆಸೆ. ರಂಜನಿಗೆ ಬಿಳಿ ಚಾಕ್‌ಪೀಸ್, ಟೀಚರಿಗೆ ಕೆಂಪು. ಈ ಗೋಡೆಯ ಹತ್ತಿರ ತಮಿಳು ಕೂಡದು ಅಂತ ರೂಲ್ ಮಾಡಿದ್ದವಳೂ ತೇಜಶ್ರೀಯೇ.

ರಂಜನಿ ಆಗಾಗ ಗುಡಿಸು, ಕೊಂಬು ಅದಲುಬದಲು ಮಾಡುತ್ತಿದ್ದಳು. ‘ಹಾಲು’ ಬರೆ ಅಂದರೆ ‘ಹಾಲಿ’ ಅಂತ ಬರೆಯುತ್ತಿದ್ದಳು. ‘ತೇಜು’ ಬರೆ ಅಂದರೆ ‘ತೇಜಿ’. ಹತ್ತಕ್ಕೆ ಏಳರ ಮೇಲೆ ಅವಳಿಗೆ ಒಂದು ಸಲವೂ ಬಂದಿರಲಿಲ್ಲ.

ತುಮಕೂರಿನಿಂದ ಬಂದ ದಿನ ಗೋಡೆಯ ಮೇಲೆ ಹೊಸ ಸಾಲೊಂದಿತ್ತು. ‘ತೇಜಿ ಬಾ. ಸಾವಿ ಇಲ್ಲಿ ಇದೆ.’

ತೇಜಶ್ರೀ ನಕ್ಕಳು. ಕೆಂಪು ಚಾಕ್‌ಪೀಸ್ ತಂದು ‘ತೇಜಿ’ಯ ಗುಡಿಸನ್ನು ಹೊಡೆದುಹಾಕಿ ಕೊಂಬು ಕೊಟ್ಟಳು. ಅದೇ ಕೈಯಲ್ಲಿ ‘ಸಾವಿ’ಯ ಗುಡಿಸನ್ನೂ ಹೊಡೆದು ಕೊಂಬು ಕೊಟ್ಟಳು. ಆಮೇಲೆ ಎರಡು ಹೆಜ್ಜೆ ಹಿಂದೆ ಸರಿದು, ತಿದ್ದಿದ್ದನ್ನು ಓದಿದಳು.

ತೇಜು ಬಾ. ಸಾವು ಇಲ್ಲಿ ಇದೆ.

ಚಾಕ್‌ಪೀಸ್ ಕೈಯಿಂದ ಜಾರಿ ಬಿತ್ತು.

ಮರುದಿನ ಒಣಗಿದ ಹಪ್ಪಳ ತರಲು ಟೆರೇಸಿಗೆ ಹೊರಟ ಅಜ್ಜಿಯೂ ಅದನ್ನು ಓದಿದರು. ಮಬ್ಬು ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಂಡದ್ದು ಕೆಂಪು. “ಯಾರೇ ಇದು ಬರೆದಿದ್ದು? ರಕ್ತ ಇದ್ದಂಗೈತೆ!”

“ರಂಜನಿ, ಅಜ್ಜಿ” ಅಂದಳು ತೇಜಶ್ರೀ. ಕೆಂಪು ತನ್ನದು ಅನ್ನುವ ಮಾತು ಬಾಯಿಗೆ ಬರಲಿಲ್ಲ. ಕುಂಬಳಕಾಯಿ ಕಳ್ಳನ ಹಾಗೆ ಕೈಯನ್ನು ಫ್ರಾಕಿಗೆ ಒರೆಸಿಕೊಂಡಳು.

ಅವತ್ತಿನಿಂದ ಅಜ್ಜಿ ಮೆಟ್ಟಿಲ ಕಡೆಗೇ ಹೋಗಲಿಲ್ಲ. ಹಪ್ಪಳ ಬಿಸಿಲಲ್ಲೇ ಸುಟ್ಟು ಕಪ್ಪಾಯಿತು. ನೀರಿಲ್ಲದೆ ದೊಡ್ಡಪತ್ರೆ ಜೋಲುಬಿತ್ತು. ಮನೆ ಖಾಲಿ ಇದೆಯಾ ಎಂದು ಕೇಳಿಕೊಂಡು ಬಂದ ಗಂಡ ಹೆಂಡತಿಯನ್ನು ಅಜ್ಜಿ ಗೇಟಿನಲ್ಲೇ ನಿಲ್ಲಿಸಿ, “ಆ ಮನೆ ಚೆನ್ನಾಗಿಲ್ಲ, ಬೇರೆ ಕಡೆ ನೋಡ್ಕಳಿ” ಅಂತ ವಾಪಸ್ ಕಳಿಸಿದರು. ಅದು ತಿಳಿದು ಅಪ್ಪ ತಲೆ ಮೇಲೆ ಕೈಹೊತ್ತು ಕೂತರು.

“ಅಮ್ಮಾ, ಮಕ್ಕಳು ಗೀಚಿದ್ದಕ್ಕೆ ಹಿಂಗಾ ಮಾಡೋದು? ಹಗ್ಗಾನ ಹಾವು ಮಾಡ್ತೀಯಲ್ಲ!”

“ಮಕ್ಕಳ ಬಾಯಲ್ಲಿ ಸುಳ್ಳು ಬರಲ್ಲ ಕಣೋ. ಆ ಕೂಸಿಗೆ ಏನೋ ಕಂಡೈತೆ. ಅದಕ್ಕೇ ಬರೆದೈತೆ.”

ತೇಜಶ್ರೀ ಊಟದ ತಟ್ಟೆ ನೋಡುತ್ತ ಕೂತಿದ್ದಳು. ಇಬ್ಬರು ಆಟೋ ಹತ್ತಿದರು. ಮೂರನೆಯವಳನ್ನು ಯಾರೂ ನೋಡಲಿಲ್ಲ. ಸಾವು ಇಲ್ಲಿ ಇದೆ ಅಂತ ಬರೆದಿದ್ದಾಳೆ. ಮತ್ತೆ ಒಳಗೆ ಗುನುಗುತ್ತಿರುವವರು ಯಾರು?

ಆ ಶುಕ್ರವಾರ ಸಂಜೆ ಆರೂವರೆಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಅಮ್ಮ ಜ್ಯೋತಿ ಇನ್ನೂ ಆಫೀಸಿನಿಂದ ಬಂದಿರಲಿಲ್ಲ, ಅಪ್ಪ ಅಂಗಡಿಯಲ್ಲಿದ್ದರು. ಅಜ್ಜಿ ಮೊಂಬತ್ತಿ ಹುಡುಕುತ್ತಿದ್ದರು. ತೇಜಶ್ರೀಗೆ ಒಂದು ವಿಷಯ ಗಮನಕ್ಕೆ ಬಂತು. ಬಚ್ಚಲ ಕಿಂಡಿಯ ಸದ್ದೂ ನಿಂತುಹೋಗಿತ್ತು.

ಹತ್ತು ನಿಮಿಷ ಮನೆಯೆಲ್ಲ ಗಪ್‌ಚಿಪ್. ಕರೆಂಟ್ ಬಂತು. ಫ್ಯಾನ್ ತಿರುಗಿತು. ಮೇಲೆ ಗುನುಗು ಶುರುವಾಯಿತು.

ಅವಳು ಗೋಡೆಗೆ ಅಂಟಿಕೊಂಡೇ ಮೆಟ್ಟಿಲು ಹತ್ತಿ ಮೀಟರ್ ಪೆಟ್ಟಿಗೆಯ ತನಕ ಹೋದಳು. ಒಳಗೆ ಎರಡು ಮೀಟರ್. ಬಲಗಡೆಯದು ಇವರದು. ಎಡಗಡೆಯದು ಮೇಲಿನ ಮನೆಯದು. ಅದರ ಕೆಂಪು ಚುಕ್ಕೆ ಮಿನುಗುತ್ತಿತ್ತು. ಒಂದು ಸಲ ಮಿನುಗಿ, ಎಷ್ಟೋ ಹೊತ್ತು ಸುಮ್ಮನಿದ್ದು, ಇನ್ನೊಂದು ಸಲ ಮಿನುಗುತ್ತಿತ್ತು. ಯಾರೂ ಇಲ್ಲದ ಮನೆಯಲ್ಲಿ ಯಾರೋ ಕರೆಂಟ್ ಬಳಸುತ್ತಿದ್ದರು.

“ರಂಜೂ?” ಎಂದು ಅವಳು ಮೆಲ್ಲಗೆ ಕರೆದಳು.

ಮೇಲಿನ ಬಾಗಿಲು ಅಲುಗಾಡಲಿಲ್ಲ. ಗುನುಗು ನಿಲ್ಲಲಿಲ್ಲ. ತೇಜಶ್ರೀ ಎರಡೆರಡು ಮೆಟ್ಟಿಲು ಹಾರಿ ಕೆಳಗೋಡಿ, ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬೀಗ ರಿಪೇರಿಯವನು ಬಂದ. ಭೋಜರಾಜ ತಾತ ಕನ್ನಡಕ ಒರೆಸಿಕೊಂಡು, ರೂಲ್ ಎಳೆದ ನೋಟ್‌ಬುಕ್ ಹಿಡಿದು ಸಿದ್ಧರಾಗಿ ನಿಂತರು.

“ಲಿಸ್ಟ್ ನೀನೇ ಬರಿ ತೇಜು. ನಿನ್ನ ಅಕ್ಷರ ಚೆನ್ನಾಗಿದೆ. ನಾನು ಹೇಳ್ತೀನಿ. ನಿಮ್ಮಪ್ಪ ಫೋನಲ್ಲಿ ಫೋಟೋ ತೆಗೀಲಿ.”

ಬರೆಯಬೇಕಾದರೆ ಒಳಗೆ ಹೋಗಬೇಕು. ಬಾಗಿಲು ತೆರೆದ ಕೂಡಲೇ ಮೊದಲು ಏನು ಕಾಣುತ್ತದೋ ಅಂತ ಅವಳು ಪೆನ್ನಿನ ಮುಚ್ಚಳ ಕಚ್ಚುತ್ತ ನಿಂತಳು. ಅಜ್ಜಿ ಕೂಡ ಎರಡು ವಾರದ ಮೇಲೆ ಮೆಟ್ಟಿಲ ಬುಡಕ್ಕೆ ಬಂದು ನಿಂತಿದ್ದರು. ಕೈಯಲ್ಲಿ ವಿಭೂತಿಯ ಬಟ್ಟಲಿತ್ತು.

ಬೀಗದವನು ಹಿತ್ತಾಳೆಯ ದೊಡ್ಡ ಬೀಗವನ್ನು ತಿರುಗಿಸಿ ನೋಡಿ, ಒಳ್ಳೆಯ ಬೀಗವನ್ನು ಕೊಯ್ಯಬೇಕಲ್ಲ ಅಂತ ಲೊಚಗುಟ್ಟಿದ. ಅಪ್ಪನ ಕಡೆ ತಿರುಗಿ ತಮಿಳಿನಲ್ಲಿ ಕೇಳಿದ.

“ಸಾವಿ ಇಲ್ಲಯಾ ಸಾರ್?”

“ಇಲ್ಲಪ್ಪಾ. ಸಾವಿ ಅವಂಗ ಕಿಟ್ಟ ಇರುಕ್ಕು” ಅಂದರು ಅಪ್ಪ. ಬೀಗದ ಕೈ ಅವರ ಹತ್ತಿರವೇ ಇದೆ ಎಂದು.

ಬೀಗದವನು ಗರಗಸ ತೆಗೆದ. ಹಿತ್ತಾಳೆಯ ಮೇಲೆ ಅದನ್ನಿಟ್ಟು ಒಂದು ಸಲ ಎಳೆದ.

“ನಿಲ್ಸಿ! ನಿಲ್ಸಿ!”

ಎಲ್ಲರೂ ತಿರುಗಿ ನೋಡಿದರು. ತೇಜಶ್ರೀ ಆಗಲೇ ಮೆಟ್ಟಿಲಿಳಿದು ಗೋಡೆಯ ಮುಂದೆ ನಿಂತಿದ್ದಳು.

ಸಾವಿ! ಸೈಕಲ್ ಸಾವಿ, ಬೀರು ಸಾವಿ, ಕಂಪ್ಯೂಟರ್ ರೂಮಿನ ಸಾವಿ. ಸ್ಕೂಲಿನಲ್ಲಿ ದಿನಕ್ಕೆ ಹತ್ತು ಸಲ ಕೇಳುವ ಮಾತು. ಕನ್ನಡ ಅಕ್ಷರದಲ್ಲಿ ಇದ್ದದ್ದರಿಂದ ಅದನ್ನು ಕನ್ನಡ ಅಂತಲೇ ಓದಿಬಿಟ್ಟಿದ್ದಳು. ‘ಬೀಗದ ಕೈ’ ಅನ್ನುವುದನ್ನು ಟೀಚರ್ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಗೊತ್ತಿಲ್ಲದ ಮಾತಿಗೆ ರಂಜನಿ ತನ್ನ ಮನೆಯ ಮಾತನ್ನು ಹಾಕಿದ್ದಳು, ಅಷ್ಟೇ.

ತೇಜು ಬಾ. ಬೀಗದ ಕೈ ಇಲ್ಲಿ ಇದೆ.

ಅವಳು ಪೇಂಟ್ ಡಬ್ಬಿಯ ಮುಂದೆ ಮಂಡಿಯೂರಿ, ಒಣಗಿದ ಮಣ್ಣಿಗೆ ಬೆರಳು ಹಾಕಿ ಕೆದಕಿದಳು. ಪ್ಲಾಸ್ಟಿಕ್ ಕವರೊಂದು ತಾಕಿತು. ಕವರಿನಲ್ಲಿ ಒಂದು ಹಿತ್ತಾಳೆಯ ಬೀಗದ ಕೈ.

“ಅಯ್ಯೋ ಶಿವನೇ, ಹಂಗಾದ್ರೆ ಗೋಡೆ ಮೇಲೆ ಸಾವು ಅಂತ...” ಅಂದರು ಅಜ್ಜಿ.

“ಅದು ಸಾವಿ, ಅಜ್ಜಿ. ಕೊಂಬು ಹಾಕಿದ್ದು ನಾನು. ಕೆಂಪು ನಂದು.” ಹೇಳುವಾಗಲೇ ಅವಳಿಗೆ ಅಳು ಬಂತು. “ತಪ್ಪು ಅಂತ ತಿದ್ದಿದೆ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು ಅವಳಿಗೆ. ಅಜ್ಜಿ ವಿಭೂತಿಯನ್ನು ಬಾಗಿಲಿಗೆ ಹಚ್ಚುವ ಬದಲು ಅವಳ ಹಣೆಗೆ ಹಚ್ಚಿ, “ಬಾ, ನಾನೂ ಬರ್ತೀನಿ” ಎಂದು ಕೈ ಹಿಡಿದುಕೊಂಡರು. ಅಪ್ಪ ಬೀಗದ ಕೈ ತಿರುಗಿಸಿದರು, ಬೀಗ ಕಟಕ್ಕೆಂದು ಬಿಟ್ಟುಕೊಂಡಿತು. ಬೀಗದವನು ಬಂದ ತಪ್ಪಿಗೆ ಟೀ ದುಡ್ಡು ತೆಗೆದುಕೊಂಡು ಹೋದ.

ಒಳಗೆ ಸೆಕೆ, ಮುಚ್ಚಿದ ಮನೆಯ ವಾಸನೆ. ಕರ್ಟನ್ ಎಳೆದಿತ್ತು. ಆ ಮಬ್ಬಿನಲ್ಲಿ ಗುನುಗು ಈಗ ಸ್ಪಷ್ಟವಾಗಿ ಕೇಳಿಸಿತು. ಎಲ್ಲರೂ ಅದರ ಹಿಂದೆ ಹೆಜ್ಜೆ ಹಾಕಿದರು. ಅಡುಗೆಮನೆಯ ಮೂಲೆಯಲ್ಲಿ ದೇವರ ಗೂಡು. ಅಲ್ಲಿ ಗೋಡೆಯ ಪ್ಲಗ್ಗಿಗೆ ಒಂದು ಪುಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಸಿಕ್ಕಿಸಿತ್ತು. ಹಗಲೂ ರಾತ್ರಿ ತಾನಾಗಿಯೇ ಮಂತ್ರ ಹೇಳುವಂಥದ್ದು.

‘ಓಂ ನಮಃ ಶಿವಾಯ’ ಅನ್ನುತ್ತಿತ್ತು ಪೆಟ್ಟಿಗೆ. ಒಂದು ಕ್ಷಣ ನಿಲ್ಲುತ್ತಿತ್ತು. ಮತ್ತೆ ‘ಓಂ ನಮಃ ಶಿವಾಯ.’

ಭೋಜರಾಜ ತಾತ ಗೊಳ್ಳೆಂದು ನಕ್ಕರು. “ಏನಮ್ಮಾ ಗಿರಿಜಾದೇವಿ, ಕೆಳಗಡೆ ನೀವು ಹೇಳ್ತಿದ್ರಿ, ಮೇಲ್ಗಡೆ ಅದು ಹೇಳ್ತಿತ್ತು. ಒಬ್ಬರಿಗೊಬ್ಬರು ಹೆದರ್ಕೊಂಡು!”

ಅಜ್ಜಿ ನಗಲಿಲ್ಲ. ಅವರು ಗೂಡನ್ನೇ ನೋಡುತ್ತಿದ್ದರು. ಮುರುಗನ್ ಪಟ, ಲಕ್ಷ್ಮಿ ಪಟ, ಒಣಗಿದ ಮಲ್ಲಿಗೆ ಎಲ್ಲ ಹಾಗೇ ಇದ್ದವು. “ದೇವರನ್ನ ಬಿಟ್ಟು ಯಾರಾದ್ರೂ ಓಡಿಹೋಗ್ತಾರೇನೋ ವಿಶ್ವ? ಮನೇಲಿ ದೀಪ ಹಚ್ಚೋರು ಇರಲ್ಲ ಅಂತ ಆ ಹೆಣ್ಣುಮಗಳು ಇದನ್ನ ಹಾಕಿ ಹೋಗ್ಯವ್ಳೆ. ಮೋಸ ಮಾಡೋರಿಗೆ ಇದು ಹೊಳೆಯಲ್ಲ.”

ಹೊಲಿಗೆ ಮಿಷನ್ನಿನ ಮೇಲೆ ಅಪ್ಪನ ಹೆಸರಿಗೆ ಸುಮತಿ ಆಂಟಿಯ ಚೀಟಿ ಇತ್ತು. ಅಪ್ಪ ಅದನ್ನು ಒಂದು ಸಲ ಮನಸ್ಸಿನಲ್ಲೇ ಓದಿಕೊಂಡರು, ಆಮೇಲೆ ಎಲ್ಲರಿಗೂ ಹೇಳಿದರು. ಬಾಡಿಗೆ ತೀರಿಸುವವರೆಗೆ ಮಿಷನ್ ನಿಮ್ಮ ಹತ್ತಿರ ಇರಲಿ, ದೇವರ ಪಟಗಳನ್ನು ಮಾತ್ರ ಯಾರಿಗೂ ಕೊಡಬೇಡಿ ಅಣ್ಣಾ, ಬಂದು ತೆಗೆದುಕೊಂಡು ಹೋಗುತ್ತೇವೆ ಅಂತ ಇತ್ತು.

“ಬಂದು ಮುಖ ಕೊಟ್ಟು ಹೇಳಿದ್ರೆ ನಾನೇನು ನುಂಗ್ತಿದ್ನಾ?” ಅಂದರು ಅಪ್ಪ. ಸಿಟ್ಟು ಇನ್ನೂ ಇತ್ತು, ಆದರೆ ದನಿ ಇಳಿದಿತ್ತು.

ತೇಜಶ್ರೀ ಇದೊಂದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಕಿಟಕಿಯ ಹತ್ತಿರ ಇದ್ದಳು. ಕರ್ಟನ್ ಹಿಂದೆ ಉಪ್ಪಿನಕಾಯಿ ಬಾಟಲಿ. ನೀರು ಹಳದಿಯಾಗಿ ಅರ್ಧಕ್ಕೆ ಇಳಿದಿತ್ತು. ತಳದಲ್ಲಿ ಏನೋ ನೀಲಿಯಾದದ್ದು ಅಡ್ಡಲಾಗಿ ಬಿದ್ದಿತ್ತು. ಬಾಟಲಿಗೆ ಒಂದು ಕಾಗದ ಅಂಟಿಸಿತ್ತು.

‘ತೇಜಿ, ಅಪ್ಪನ ಕಾರು ಸಾಲದವರು ಎಳಕೊಂಡು ಹೋದರು. ಫೋನಲ್ಲಿ ಯಾರೋ ಬೈತಾರೆ. ನಾವು ಪಾಟಿ ಊರಿಗೆ ಹೋಗ್ತೀವಿ. ಯಾರಿಗೂ ಹೇಳಬೇಡ ಅಂದರು ಅಮ್ಮ. ಬಸ್ಸಿನಲ್ಲಿ ತಂಬಿ ಬೇಡ ಅಂದರು. ನೀನು ನಾಡಿದ್ದು ಬರ್ತೀಯ ಅಲ್ವಾ. ಅದಕ್ಕೆ ಸಾವಿ ಇಟ್ಟೆ. ದಿನಾ ಎರಡು ಕಾಳಿ ಹಾಕು.’

ಕಾಗದದ ಪಕ್ಕದಲ್ಲೇ ಮೀನಿನ ಕಾಳಿನ ಡಬ್ಬಿ ಇತ್ತು. ನಾಡಿದ್ದು ಅಂತ ಬರೆದಿದ್ದಳು. ಇವತ್ತಿಗೆ ಹದಿನೆಂಟು ದಿನ.

ರಂಜನಿ ಪಾಟಿಯ, ಅಂದರೆ ಅವಳ ಅಜ್ಜಿಯ, ಊರಿನಲ್ಲಿದ್ದಳು. ಅವಳಿಗೆ ಏನೂ ಆಗಿರಲಿಲ್ಲ. ಆದರೆ ಸಮಾಧಾನ ಪಡಲು ತೇಜಶ್ರೀಗೆ ಧೈರ್ಯ ಬರಲಿಲ್ಲ. ಅವಳು ಬಾಟಲಿಯ ಗಾಜಿಗೆ ಮೆಲ್ಲಗೆ ಉಗುರು ತಾಕಿಸಿದಳು.

“ತಂಬೀ.”

ಏನೂ ಆಗಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು ಬಾಟಲಿಗೆ ಒಂದು ಕಾಳು ಹಾಕಿದಳು. ಅದು ನೀರಿನ ಮೇಲೆ ತೇಲಿತು. ಅಜ್ಜಿ ಬಂದು ಹೆಗಲ ಮೇಲೆ ಕೈಯಿಟ್ಟರು.

ತಳದ ನೀಲಿ ಒಂದಿಷ್ಟು ಅಲುಗಾಡಿತು. ರೆಕ್ಕೆ ಬಿಚ್ಚಿತು. ಸೋತ ಮುದುಕನ ಹಾಗೆ ನಿಧಾನವಾಗಿ, ನಡುವೆ ಒಂದು ಸಲ ನಿಂತು, ಮೇಲಕ್ಕೆ ಬಂದು ಕಾಳನ್ನು ಕಚ್ಚಿಕೊಂಡಿತು.

“ಜೀವ ಐತೆ ಕಣೇ!” ಎಂದು ಅಜ್ಜಿ ಕೂಗಿಯೇಬಿಟ್ಟರು.

ಮಧ್ಯಾಹ್ನದವರೆಗೂ ಲಿಸ್ಟ್ ನಡೆಯಿತು. ಮಿಷನ್ ಒಂದು, ಗ್ಯಾಸ್ ಸ್ಟೌ ಒಂದು, ಕೊಡ ಮೂರು, ದೇವರ ಪಟ ಎರಡು. ಭೋಜರಾಜ ತಾತ ಚಮಚವನ್ನೂ ಬಿಡಲಿಲ್ಲ. ಅಪ್ಪ ಮಿಷನ್ನಿಗೆ ಒಂದು ಹಳೆಯ ಬೆಡ್‌ಶೀಟ್ ಹೊದಿಸಿ ಮೂಲೆಗೆ ಸರಿಸಿದರು. ಅಜ್ಜಿ ಒಣಗಿದ ಹೂ ತೆಗೆದು ದೀಪ ಹಚ್ಚಿದರು. ಪೆಟ್ಟಿಗೆಯನ್ನು ಮಾತ್ರ ಯಾರೂ ಆಫ್ ಮಾಡಲಿಲ್ಲ.

“ಮೀನು ಒಂದು, ಬರಿ” ಅಂದರು ತಾತ.

“ಅದು ಲಿಸ್ಟಿಗೆ ಬೇಡ ತಾತ. ಅದನ್ನ ನಂಗೆ ಕೊಟ್ಟು ಹೋಗಿದಾಳೆ.”

ತಾತ ಕನ್ನಡಕದ ಮೇಲಿಂದ ನೋಡಿ, “ಸರಿ, ಲಿಸ್ಟಿಂದ ಹೊಡೆದುಹಾಕು” ಅಂದರು.

ಸಂಜೆ ತೇಜಶ್ರೀ ಒಂದು ಚೊಂಬು ನೀರು ತೆಗೆದುಕೊಂಡು ಮೆಟ್ಟಿಲಿಗೆ ಬಂದಳು. ದೊಡ್ಡಪತ್ರೆಗೆ ಹುಯ್ದಳು. ಮಿಕ್ಕ ನೀರಿನಲ್ಲಿ ಫ್ರಾಕಿನ ತುದಿ ಅದ್ದಿ ಗೋಡೆಯ ಮುಂದೆ ಕೂತಳು.

ತುಮಕೂರಿಗೆ ಹೊರಟ ದಿನ ನೆನಪಾಯಿತು. ಸಾಮಾನೆಲ್ಲ ಆಟೋದಲ್ಲಿತ್ತು. ರಂಜನಿ ಗೇಟಿನ ಕಂಬಿ ಹಿಡಿದು, “ತೇಜು, ಹೋಗಿ ಬರ್ತೀನಿ” ಅಂದಿದ್ದಳು. ತೇಜಶ್ರೀ ಆಟೋದೊಳಗಿಂದ ನಕ್ಕು ತಿದ್ದಿದ್ದಳು. “ತಪ್ಪು! ಹೋಗ್ತಿರೋದು ನಾನು ಕಣೇ. ನೀನು ‘ಹೋಗಿ ಬಾ’ ಅನ್ಬೇಕು.” ರಂಜನಿ ಆಗ ನಕ್ಕಿರಲಿಲ್ಲ. ತಲೆಯಾಡಿಸಿ, ಹೇಳಿಕೊಟ್ಟ ಹಾಗೆಯೇ, “ಹೋಗಿ ಬಾ” ಅಂದಿದ್ದಳು.

ತೇಜಶ್ರೀ ಒದ್ದೆ ಬಟ್ಟೆಯಿಂದ ಕೆಂಪು ಗೆರೆಗಳನ್ನು ಒಂದೊಂದಾಗಿ ಒರೆಸಿದಳು. ಬಿಳಿ ಅಳಿಸಿಹೋಗದ ಹಾಗೆ ಉಗುರಿನ ತುದಿಯಲ್ಲಿ ಒರೆಸಿದಳು. ‘ಸಾವಿ’ಯ ಕೊಂಬು ಹೋಯಿತು. ‘ತೇಜಿ’ಯ ಕೊಂಬೂ ಹೋಯಿತು. ಗೋಡೆಯ ಮೇಲೆ ರಂಜನಿ ಬರೆದದ್ದಷ್ಟೇ ಉಳಿಯಿತು.

ಆಮೇಲೆ ಕೆಂಪು ಚಾಕ್‌ಪೀಸ್ ತೆಗೆದುಕೊಂಡು, ಆ ಸಾಲಿನ ಕೊನೆಯಲ್ಲಿ, ಟೀಚರಮ್ಮ ಬರೆದಳು: ಹತ್ತಕ್ಕೆ ಹತ್ತು.